ದಾರಿ ತಡೆಯುವ ಯುದ್ಧ: ಕೊಡಗಿನ ಕಡಂಗದಿಂದ ಉಕ್ರೇನಿನ ಮೀನುಬಲೆವರೆಗೆ

ಉಕ್ರೇನಿನ ಖೇರ್ಸಾನ್ ಕಡೆ ಈಗ ರಸ್ತೆಗೆ ಬಲೆ ಕಟ್ಟುತ್ತಿದ್ದಾರೆ. ಎರಡೂ ಬದಿ ಕಂಬ ನೆಟ್ಟು, ಮೇಲೆ ಮತ್ತು ಪಕ್ಕಕ್ಕೆ ಬಲೆ ಎಳೆದು ಬಿಗಿದಿದ್ದಾರೆ. ಅದರ ಅಡಿಯಲ್ಲಿ ಲಾರಿ, ಕಾರು, ಆಂಬುಲೆನ್ಸ್ ಓಡಾಡುತ್ತವೆ. ಬಲೆಗಳಲ್ಲಿ ಎಷ್ಟೋ ಡೆನ್ಮಾರ್ಕ್, ಸ್ವೀಡನ್, ಫ್ರಾನ್ಸಿನ ಮೀನುಗಾರರು ಬಳಸಿ ಬಿಟ್ಟ ಹಳೇ ಬಲೆಗಳು. ಬಾಂಬ್ ಹೊತ್ತು ಬರುವ ಸಣ್ಣ ಡ್ರೋನಿನ ರೆಕ್ಕೆ ಆ ನೂಲಿಗೆ ಸಿಕ್ಕಿಕೊಂಡರೆ ಮುಗಿಯಿತು, ಅದು ವಾಹನದವರೆಗೆ ಬರೋದಿಲ್ಲ. ಲಕ್ಷಾಂತರ ರೂಪಾಯಿಯ ಯಂತ್ರಗಳು ಕಾದಾಡುವ ಯುದ್ಧದಲ್ಲಿ ಜೀವ ಉಳಿಸುತ್ತಿರೋದು ಯಾರೋ ಬೇಡ ಅಂತ ಬಿಸಾಡಿದ ಬಲೆ.

ಈ ಚಿತ್ರಗಳು ನಮ್ಮ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿದವು. ಆಶ್ಚರ್ಯ ಏನಿಲ್ಲ. ಇಲ್ಲಿ ಎರಡು ಮನೆಗೊಬ್ಬರು ಅನ್ನುವ ಹಾಗೆ ಸೇನೆಯಲ್ಲಿದ್ದು ಬಂದವರಿದ್ದಾರೆ. 2025ರ ಮೇ ತಿಂಗಳಲ್ಲಿ ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ ಮಾಡಿ ಅಂತ ಕೇಂದ್ರ ಸರ್ಕಾರ ಹೇಳಿದ ಮೇಲಂತೂ ಮದುವೆ ಮನೆಯಲ್ಲೂ ಇದೇ ಮಾತು. ಶತ್ರು ವಾಹನ ಬಂದರೆ ದಾರಿ ತಡೆಯೋದು ಹೇಗೆ? ಮರ ಕಡಿದು ಹಾಕಿದರೆ ಸಾಕಾ? ಸೇತುವೆ ಬೀಳಿಸಬೇಕಾ? ಡ್ರೋನ್ ಬಂದ ಮೇಲೆ ಇದೆಲ್ಲ ಲೆಕ್ಕಕ್ಕಿದೆಯಾ?

ಉತ್ತರ ಹುಡುಕೋಕೆ ಉಕ್ರೇನಿಗೇ ಹೋಗಬೇಕಿಲ್ಲ. ಮೊದಲು ತೋಟದ ಅಂಚಿಗೆ ಹೋದರೆ ಸಾಕು.

ಹಿಂದಿನ ಕಾಲದಲ್ಲಿ ಶತ್ರುವನ್ನು ತಡೆಯೋಕೆ ತೋಡಿದ ಕೊಡಗಿನ ಕಡಂಗ ನೋಡಿದವರಿಗೆ ಗೊತ್ತು. ಅದು ಬರೀ ಕಂದಕ ಅಲ್ಲ. ಒಂದು ಕಡೆ ಅಗೆದ ಗುಂಡಿ, ಅಗೆದ ಮಣ್ಣನ್ನೆಲ್ಲ ಇನ್ನೊಂದು ಕಡೆ ರಾಶಿ ಹಾಕಿ ಎಬ್ಬಿಸಿದ ಏರಿ. ಗುಡ್ಡ ಹತ್ತಿ, ಇಳಿದು, ಕಾಡಿನೊಳಗೆ ಹಾದು, ಕೆಲವೆಡೆ ಕವಲೊಡೆದು ಮೈಲಿಗಟ್ಟಲೆ ಹೋಗುತ್ತದೆ. ಏರಿಯ ಮೇಲೆ ಈಗ ಮರಗಳು ಬೆಳೆದು ಬೇರುಗಳು ಮಣ್ಣನ್ನು ಹಿಡಿದಿಟ್ಟಿವೆ. ಗುಂಡಿಯಲ್ಲಿ ತರಗೆಲೆ, ಮಳೆಗಾಲದಲ್ಲಿ ಜಿಗಣೆ. ಎಷ್ಟೋ ಕಡೆ ಅದೇ ಈಗ ಎರಡು ತೋಟಗಳ ಗಡಿ. ಗುಂಡಿಯಲ್ಲಿ ನಿಂತು ಏರಿಯ ಕಡೆ ನೋಡಿದರೆ ಕಟ್ಟಿದವರ ಲೆಕ್ಕಾಚಾರ ತಾನಾಗಿ ಅರ್ಥ ಆಗುತ್ತದೆ. ಕೆಳಗಿರುವವನು ಎರಡೂ ಕೈ ಊರಿ ಹತ್ತಬೇಕು. ಮೇಲಿರುವವನು ಸುಮ್ನೆ ಕೋವಿ ಹಿಡಿದು ಕಾಯಬಹುದು. ಕುದುರೆ, ಎತ್ತಿನ ಗಾಡಿ, ಫಿರಂಗಿ ಯಾವುದೂ ಅಲ್ಲಿಂದ ನೇರ ದಾಟಲಾರದು. ಬರಲೇಬೇಕೆಂದರೆ ಉಕ್ಕಡದ, ಅಂದರೆ ಕಾವಲು ಠಾಣೆಯ ದಾರಿಯಲ್ಲೇ ಬರಬೇಕು.

ಅಂದರೆ ಕಡಂಗದ ಕೆಲಸ ಶತ್ರುವನ್ನು ಪೂರ್ತಿ ತಡೆಯೋದಲ್ಲ. ಅವನನ್ನು ನಮಗೆ ಬೇಕಾದ ಜಾಗಕ್ಕೆ ತಳ್ಳೋದು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸೋದು. ಇದೇ ಇಡೀ ವಿಷಯದ ತಿರುಳು ಅಂತ ನನಗನ್ನಿಸುತ್ತದೆ. ಯುದ್ಧದಲ್ಲಿ ದಾರಿ ತಡೆಯೋಕೆ ಜನ ಹುಡುಕಿದ ಉಪಾಯಗಳಲ್ಲಿ ಗೆದ್ದವೆಲ್ಲ ಸಮಯ ಕೊಳ್ಳೋಕೆ ಹೊರಟವು. ಗೋಡೆ ಕಟ್ಟಿದ್ದೇವಲ್ಲ ಅಂತ ನಿದ್ದೆ ಹೋದವರು ಸೋತರು.

1834ರ ಏಪ್ರಿಲ್‌ನಲ್ಲಿ ಕೊಡಗಿನಲ್ಲೇ ಎರಡೂ ಒಂದೇ ವಾರದಲ್ಲಿ ನಡೆದವು. ಚಿಕ್ಕವೀರರಾಜೇಂದ್ರನ ಮೇಲೆ ಬ್ರಿಟಿಷ್ ಪಡೆ ನಾಲ್ಕು ದಿಕ್ಕಿನಿಂದ ನುಗ್ಗಿತು. ಉತ್ತರದಲ್ಲಿ ಬಕ್ಕ ಎಂಬಲ್ಲಿ ಮರದ ದಿಮ್ಮಿ, ಮಣ್ಣು ಸೇರಿಸಿ ಕಟ್ಟಿದ ಒಂದು ತಡೆ ಇತ್ತು. ಏಪ್ರಿಲ್ 3ರಂದು ಕರ್ನಲ್ ವಾ ಅವರ ತುಕಡಿ ಅದರ ಮೇಲೆ ಬಿದ್ದು, ಪೆಟ್ಟು ತಿಂದು ಹಿಂದೆ ಸರಿಯಿತು. 55ನೇ ರೆಜಿಮೆಂಟಿನ ಕರ್ನಲ್ ಮಿಲ್ ಅಲ್ಲೇ ಸತ್ತರು. ಪಶ್ಚಿಮದಲ್ಲಿ ಹೆಗ್ಗಳ ಘಾಟಿಯನ್ನು ಹತ್ತಿ ಬಂದ ಕರ್ನಲ್ ಫೌಲಿಸ್ ಪಡೆಗೆ ತಡೆಯ ಮೇಲೆ ತಡೆ ಎದುರಾಯಿತು. ತಿರುವಿಗೊಂದು ಕಡಿದು ಬೀಳಿಸಿದ ಮರ, ಅದರ ಹಿಂದೆ ಕೋವಿ. ಆದರೆ ಪೂರ್ವದಿಂದ ಕರ್ನಲ್ ಲಿಂಡ್ಸೆ ಜೊತೆ ಬಂದ ತುಕಡಿ ದೊಡ್ಡ ಕಾದಾಟವೇ ಇಲ್ಲದೆ ಏಪ್ರಿಲ್ 6ಕ್ಕೆ ಮಡಿಕೇರಿಯಲ್ಲಿತ್ತು. ಅರಸನಿಗೆ ಕಾದಾಡಬೇಕೋ ಬೇಡವೋ ಅನ್ನೋದೇ ತೀರ್ಮಾನ ಆಗಿರಲಿಲ್ಲ. ದಿವಾನ ಅಪ್ಪಾರಂಡ ಬೋಪು ಬ್ರಿಟಿಷರ ಕಡೆ ಸೇರಿದ್ದರು. ಮೇ 7ರಂದು ಕೊಡಗು ಕಂಪನಿ ಸರ್ಕಾರದ ಕೈಗೆ ಹೋಯಿತು. ಅದೇ ನಾಡು, ಅದೇ ಮರ, ಅದೇ ಮಣ್ಣು. ಒಂದು ದಾರಿಯಲ್ಲಿ ಹಿಂದೆ ನಿಂತು ಕಾಯುವ ಮನುಷ್ಯರಿದ್ದರು, ಇನ್ನೊಂದರಲ್ಲಿ ಇರಲಿಲ್ಲ.

ಸೇನೆಯ ಎಂಜಿನಿಯರಿಂಗ್ ಪಾಠದಲ್ಲಿ ಇದು ಮೊದಲ ನಿಯಮ. ಗುಂಡಿನ ಕಾವಲಿಲ್ಲದ ತಡೆ, ತಡೆಯೇ ಅಲ್ಲ. ಕೊಡಗಿನ ಬೆಳೆಗಾರರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಆನೆ ಹೇಳಿಕೊಟ್ಟಿದೆ. ಆನೆ ಕಂದಕ ತೋಡಿದರೆ ಅಂಚಿನ ಮಣ್ಣನ್ನು ಕಾಲಲ್ಲಿ ಕೆದರಿ, ಇಳಿಜಾರು ಮಾಡಿಕೊಂಡು ದಾಟಿತು. ಹಳೇ ರೈಲು ಹಳಿಗಳ ಬೇಲಿ ಹಾಕಿದರೆ, ಕೆಲವು ಆನೆಗಳು ಅದರ ಮೇಲೇ ಹತ್ತಿ ಇಳಿಯೋದು ಕಲಿತವು. ಯಾರೂ ನೋಡದೇ ಇದ್ದರೆ, ಸಮಯ ಇದ್ದರೆ, ಎಂಥ ತಡೆಗೂ ಒಂದು ದಾರಿ ಸಿಕ್ಕೇ ಸಿಗುತ್ತದೆ. ಟ್ಯಾಂಕಿನ ಒಳಗಿರುವವನಿಗೆ ಆನೆಗಿಂತ ಕಡಿಮೆ ಬುದ್ಧಿ ಅಂದುಕೊಳ್ಳೋದು ಬೇಡ.

ರೈಲು ಹಳಿಯ ಮಾತು ಬಂತಲ್ಲ, 1940ರಲ್ಲಿ ಬ್ರಿಟನ್ನಿನವರೂ ಅದನ್ನೇ ಬಳಸಿದರು. ಡಂಕರ್ಕಿನಿಂದ ಸೈನಿಕರು ಜೀವ ಉಳಿಸಿಕೊಂಡು ಬಂದಿದ್ದರು, ಟ್ಯಾಂಕು ಫಿರಂಗಿಗಳೆಲ್ಲ ಫ್ರಾನ್ಸಿನಲ್ಲೇ ಉಳಿದಿದ್ದವು. ಜರ್ಮನಿ ಇವತ್ತೋ ನಾಳೆಯೋ ಇಳಿಯುತ್ತದೆ ಅನ್ನುವ ಭಯ. ರಸ್ತೆಯಲ್ಲಿ ಮೊದಲೇ ಕುಳಿ ತೋಡಿಟ್ಟು, ಬೇಕಾದಾಗ ಬಗ್ಗಿಸಿದ ಹಳಿ ತಂದು ಅದರೊಳಗೆ ಸಿಕ್ಕಿಸುವ ವ್ಯವಸ್ಥೆ ಮಾಡಿದರು. ನಮ್ಮ ಜನರ ಬಸ್ಸು ಓಡುವವರೆಗೆ ದಾರಿ ತೆರೆದಿರುತ್ತದೆ, ಶತ್ರು ಬಂದಾಗ ಮುಚ್ಚುತ್ತದೆ. ವಿಮಾನ ಇಳಿಯಬಾರದು ಅಂತ ಬಯಲುಗಳಲ್ಲಿ ಹಳೇ ಕಾರು, ಗಾಡಿ ನಿಲ್ಲಿಸಿದರು. ಊರಿನ ಹೆಸರಿನ ಕೈಕಂಬಗಳನ್ನೆಲ್ಲ ಕಿತ್ತು ಹಾಕಿದರು.

ಇದಕ್ಕಿಂತ ತಮಾಷೆಯ ಉಪಾಯಗಳೂ ಇದ್ದವು. ಹೋಮ್ ಗಾರ್ಡ್ ದಳದವರಿಗೆ, ಅಂದರೆ ಕೋವಿಯೂ ಸರಿಯಾಗಿ ಸಿಗದ ಸ್ವಯಂಸೇವಕರಿಗೆ ಕಲಿಸಿದ್ದು: ಊಟದ ತಟ್ಟೆಗಳನ್ನು ರಸ್ತೆಯ ಮೇಲೆ ಕವುಚಿ ಹಾಕಿ. ದೂರದಿಂದ ನೋಡುವವನಿಗೆ ಅದು ನೆಲಬಾಂಬೋ ತಟ್ಟೆಯೋ ಗೊತ್ತಾಗೋದಿಲ್ಲ. ಇನ್ನೊಂದು, ಸ್ಪೇನಿನ ಅಂತರ್ಯುದ್ಧದಲ್ಲಿ ಕಾದಾಡಿ ಬಂದವರು ತಂದ ಪಾಠ: ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಕಂಬಳಿ ನೇತುಹಾಕಿ. ಕಂಬಳಿ ಟ್ಯಾಂಕನ್ನು ತಡೆಯುತ್ತಾ? ಖಂಡಿತ ಇಲ್ಲ. ಆದರೆ ಅದರ ಹಿಂದೆ ಏನಿದೆ ಅಂತ ಕಾಣದ ಚಾಲಕ ಒಂದು ಕ್ಷಣ ನಿಲ್ಲಿಸುತ್ತಾನೆ. ಕಿಂಡಿ ತೆಗೆದು ಒಬ್ಬ ತಲೆ ಹೊರಗೆ ಹಾಕುತ್ತಾನೆ. ಪಕ್ಕದ ಮಹಡಿಯಲ್ಲಿ ಕೂತವನಿಗೆ ಬೇಕಿರೋದು ಅಷ್ಟೇ. ಬ್ರಿಟನ್ನಿನಲ್ಲಿ ಈ ತಟ್ಟೆಗಳಿಗೆ ಪರೀಕ್ಷೆ ಬರಲಿಲ್ಲ, ಜರ್ಮನ್ನರು ಇಳಿಯಲೇ ಇಲ್ಲ. ಹಾಗಾಗಿ ಅದನ್ನು ಕೇಳಿ ನಗುವವರೂ ಇದ್ದಾರೆ.

ನಗುವ ಮೊದಲು ಲೋಂಗೇವಾಲಾ ನೆನಪಿಸಿಕೊಳ್ಳಬೇಕು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಆ ಕಾವಲು ಠಾಣೆಯಲ್ಲಿ ಇದ್ದದ್ದು ಸುಮಾರು 120 ಮಂದಿ. ಎದುರಿಗೆ ಪಾಕಿಸ್ತಾನದ ಟ್ಯಾಂಕ್ ಪಡೆ. ಠಾಣೆಯ ಸುತ್ತ ಒಂದು ಎಳೆಯ ಮುಳ್ಳುತಂತಿ ಕಟ್ಟಿದ್ದರು. ಅದನ್ನು ಕಂಡ ಟ್ಯಾಂಕುಗಳು ನಿಂತವು. ತಂತಿ ಇದೆ ಅಂದರೆ ಆಚೆ ನೆಲಬಾಂಬ್ ಇರಬೇಕು ಅಂತ ಅವರ ಲೆಕ್ಕ. ತಮ್ಮ ಎಂಜಿನಿಯರುಗಳನ್ನು ಮುಂದೆ ಕಳಿಸಿ ಹುಡುಕಿಸಿದರು. ಬಾಂಬ್ ಇರಲೇ ಇಲ್ಲ. ಅಷ್ಟು ಗೊತ್ತಾಗುವ ಹೊತ್ತಿಗೆ ರಾತ್ರಿಯ ಒಳ್ಳೆಯ ಸಮಯ ಹೋಗಿತ್ತು. ಗಟ್ಟಿ ದಾರಿ ಬಿಟ್ಟು ಪಕ್ಕಕ್ಕೆ ಇಳಿದ ಗಾಡಿಗಳು ಮರಳಿನಲ್ಲಿ ಹೂತವು. ಬೆಳಗಾಯಿತು, ಜೈಸಲ್ಮೇರಿನಿಂದ ನಮ್ಮ ಹಂಟರ್ ಯುದ್ಧವಿಮಾನಗಳು ಬಂದು ಆ ಟ್ಯಾಂಕುಗಳನ್ನು ಹೊಡೆದವು. ಮುಂದಿನದು ಎಲ್ಲರಿಗೂ ಗೊತ್ತು. ಆ ತಂತಿಯ ಬೆಲೆ ಎಷ್ಟಿತ್ತು? ಅದು ಕೊಟ್ಟ ಒಂದೆರಡು ಗಂಟೆಯ ಬೆಲೆ ಎಷ್ಟು?

ಕೈಕಂಬ ಕೀಳುವ ಉಪಾಯವೂ 82 ವರ್ಷದ ಮೇಲೆ ವಾಪಸ್ ಬಂತು. 2022ರ ಫೆಬ್ರವರಿ ಕೊನೆಯಲ್ಲಿ ಉಕ್ರೇನಿನ ರಸ್ತೆ ಇಲಾಖೆಯೇ ಜನರಿಗೆ ಹೇಳಿತು, ದಾರಿ ತೋರಿಸುವ ಫಲಕಗಳನ್ನು ಕಿತ್ತುಹಾಕಿ ಅಂತ. ಕೆಲವು ಕಡೆ ಫಲಕದಲ್ಲಿ ಊರಿನ ಹೆಸರಿನ ಬದಲು ಬೈಗುಳ ಬರೆದ ಚಿತ್ರವೂ ಹರಿದಾಡಿತು. ಎಲ್ಲರ ಜೇಬಿನಲ್ಲೂ ಮ್ಯಾಪ್ ಇರುವ ಕಾಲದಲ್ಲಿ ಇದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಬ್ರಿಟನ್ನಿನಷ್ಟು ಇರಲಿಕ್ಕಿಲ್ಲ. ಆದರೆ ಸಿಗ್ನಲ್ ಇಲ್ಲದ ಜಾಗದಲ್ಲಿ, ರಾತ್ರಿ, ಗೊತ್ತಿಲ್ಲದ ಊರಿನ ಕವಲುದಾರಿಯಲ್ಲಿ ನಿಂತು ನೋಡಿ. ಭಾಗಮಂಡಲ ದಾಟಿ ಕರಿಕೆ ಕಡೆ ಇಳಿಯುವ ಪ್ರವಾಸಿಗರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಕಬ್ಬಿಣದ ಮುಳ್ಳು. ಉಕ್ರೇನಿನ ಫೋಟೋಗಳಲ್ಲಿ ಬೀದಿಗೆ ಅಡ್ಡವಾಗಿ ಮೂರು ಕಬ್ಬಿಣದ ತೊಲೆ ನಡುವೆ ಸೇರಿಸಿ ಬೆಸುಗೆ ಹಾಕಿದ ಮುಳ್ಳಿನಂಥ ವಸ್ತು ನೋಡಿರುತ್ತೀರಿ. 1930ರ ದಶಕದಲ್ಲಿ ಚೆಕೊಸ್ಲೊವಾಕಿಯಾದವರು ಹಿಟ್ಲರನ ಗಡಿಯಲ್ಲಿ ಇಡೋಕೆ ಮಾಡಿದ್ದು. ಅದರ ಜಾಣತನ ಭಾರದಲ್ಲಿಲ್ಲ, ಆಕಾರದಲ್ಲಿದೆ. ಹೇಗೆ ಉರುಳಿಸಿದರೂ ಒಂದು ಕಾಲು ಮೇಲಕ್ಕೇ ನಿಲ್ಲುತ್ತದೆ. ಟ್ಯಾಂಕ್ ತಳ್ಳಿಕೊಂಡು ಬಂದರೆ ಅದು ಉರುಳಿ ಹೊಟ್ಟೆಯ ಅಡಿ ಸೇರುತ್ತದೆ, ಗಾಡಿಯನ್ನು ಎತ್ತುತ್ತದೆ, ಪಟ್ಟಿಗಳಿಗೆ ನೆಲ ಸಿಗೋದಿಲ್ಲ. ಮಾಡೋಕೆ ದೊಡ್ಡ ಕಾರ್ಖಾನೆ ಬೇಡ. 2022ರಲ್ಲಿ ಊರೂರಿನ ಗ್ಯಾರೇಜು, ವರ್ಕ್‌ಶಾಪುಗಳಲ್ಲೇ ಬೆಸುಗೆ ಹಾಕಿದರು.

ಆದರೆ ಈ ಮುಳ್ಳಿನ ಹಿಂದಿನ ಕಥೆ ಕೇಳಿದರೆ ಬೇಸರ ಆಗುತ್ತದೆ. 1938ರ ಮ್ಯೂನಿಕ್ ಒಪ್ಪಂದದಲ್ಲಿ ಚೆಕೊಸ್ಲೊವಾಕಿಯಾದ ಗಡಿ ಪ್ರದೇಶವನ್ನೇ ಜರ್ಮನಿಗೆ ಬಿಟ್ಟುಕೊಟ್ಟರು. ಕೋಟೆ, ಮುಳ್ಳು ಎಲ್ಲ ಒಂದು ಗುಂಡೂ ಹಾರದೆ ಹಿಟ್ಲರನ ಪಾಲಾಯಿತು. ಜರ್ಮನ್ನರು ಅಂಥವನ್ನು ಕೊಂಡೊಯ್ದು ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ನೆಟ್ಟರು. 1944ರ ಜೂನಿನಲ್ಲಿ ಅಮೆರಿಕನ್ನರು ಆ ತೀರದಲ್ಲಿ ಇಳಿದು ಒಳಗೆ ಹೋದರೆ, ಅಲ್ಲಿ ಕಾದಿದ್ದದ್ದು ಏನು ಗೊತ್ತಾ? ಹೆಚ್ಚು ಕಮ್ಮಿ ನಮ್ಮ ಕಡಂಗವೇ. ಹೊಲ ಹೊಲಕ್ಕೂ ನೂರಾರು ವರ್ಷದ ಮಣ್ಣಿನ ಏರಿ, ಮೇಲೆ ಗಿಡಮರ, ಒಳಗೆ ಹೆಣೆದುಕೊಂಡ ಬೇರು. ಟ್ಯಾಂಕ್ ಅದನ್ನು ಹತ್ತಿದರೆ ಮೂತಿ ಆಕಾಶಕ್ಕೆ, ತೆಳುವಾದ ಹೊಟ್ಟೆ ಶತ್ರುವಿನ ಎದುರಿಗೆ. ಯಾರೂ ಯುದ್ಧಕ್ಕೆ ಅಂತ ಕಟ್ಟಿದ ಏರಿಗಳಲ್ಲ, ರೈತರು ದನ ಬೇರೆ ಹೊಲಕ್ಕೆ ಹೋಗದಿರಲಿ ಅಂತ ಮಾಡಿಕೊಂಡವು. ಆದರೂ ವಾರಗಟ್ಟಲೆ ಒಂದು ಸೇನೆಯನ್ನೇ ಕಟ್ಟಿಹಾಕಿದವು. ಕೊನೆಗೆ ಕರ್ಟಿಸ್ ಕ್ಯೂಲಿನ್ ಅನ್ನುವ ಒಬ್ಬ ಸಾರ್ಜೆಂಟ್ ಟ್ಯಾಂಕಿನ ಮೂತಿಗೆ ಕಬ್ಬಿಣದ ಹಲ್ಲು ಬೆಸೆದು, ಏರಿಯನ್ನು ಹತ್ತದೆ ತಿವಿದು ಸೀಳಿಕೊಂಡು ಹೋಗುವ ಉಪಾಯ ಮಾಡಿದ. ಹಲ್ಲಿಗೆ ಕಬ್ಬಿಣ ಎಲ್ಲಿಂದ? ಕಡಲತೀರದಲ್ಲಿ ಜರ್ಮನ್ನರು ನೆಟ್ಟಿದ್ದ ಅಡ್ಡಿಗಳನ್ನೇ ಕತ್ತರಿಸಿ ತಂದರು.

ಟ್ಯಾಂಕ್ ತಡೆಯೋಕೆ ಮಾಡಿದ ಕಬ್ಬಿಣ ಟ್ಯಾಂಕಿಗೇ ದಾರಿ ಬಿಡಿಸಿತು. ತಡೆ ಕಟ್ಟುವವನ ಬುದ್ಧಿಗೆ ಒಂದು ಮಿತಿ ಇರೋದು ಇಲ್ಲೇ. ಎದುರಿಗಿರುವವನೂ ಗ್ಯಾರೇಜು ಇಟ್ಟುಕೊಂಡಿರುತ್ತಾನೆ.

ಇದರ ಅತಿ ದೊಡ್ಡ ಉದಾಹರಣೆಗೆ ಕೊಡಗಿನವರೇ ಕಾರಣ. ಮಡಿಕೇರಿಯ ಸನ್ನಿಸೈಡ್‌ಗೆ, ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆಗೆ ಹೋದವರು ಜೋಜಿ ಲಾ ಕಥೆ ಓದಿರುತ್ತಾರೆ. 1948ರಲ್ಲಿ ಲಡಾಖಿಗೆ ಹೋಗುವ ಆ ಕಣಿವೆಯನ್ನು, ಸುಮಾರು 11,500 ಅಡಿ ಎತ್ತರದಲ್ಲಿ, ಪಾಕಿಸ್ತಾನದ ಕಡೆಯವರು ಹಿಡಿದು ಕೂತಿದ್ದರು. ಹಿಮ, ಪ್ರಪಾತ, ಹೇಸರಗತ್ತೆ ಮಾತ್ರ ನಡೆಯುವ ದಾರಿ. ಅಷ್ಟೆತ್ತರಕ್ಕೆ ವಾಹನ ಬರೋದಿಲ್ಲ ಅನ್ನೋದೇ ಅವರ ತಡೆ. ತಿಮ್ಮಯ್ಯನವರು ಆ ನಂಬಿಕೆಗೇ ಕೈ ಹಾಕಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕುಗಳ ಮೇಲ್ಭಾಗ ಬಿಚ್ಚಿ, ಭಾರ ಇಳಿಸಿ, ಗುಟ್ಟಾಗಿ ಜಮ್ಮು ಕಡೆಯಿಂದ ಸಾಗಿಸಿದರು. ಶ್ರೀನಗರ ದಾಟುವಾಗ ಕರ್ಫ್ಯೂ. ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ಸೇನೆಯ ಎಂಜಿನಿಯರ್ ದಳದವರು, ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ದಾರಿಯನ್ನು ಅಗಲ ಮಾಡಿಕೊಟ್ಟರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯಲ್ಲಿ ಕಾಣಿಸಿಕೊಂಡಾಗ ಎದುರಿಗಿದ್ದವರ ಹತ್ತಿರ ಅದಕ್ಕೆ ಉತ್ತರವೇ ಇರಲಿಲ್ಲ. ಪ್ರಕೃತಿ ಕೊಟ್ಟ ತಡೆಯನ್ನು ಜಾಸ್ತಿ ನಂಬಿದ್ದರ ಫಲ ಅದು.

ನೀರಿನ ಉಪಾಯಕ್ಕೆ ಮಾತ್ರ ಸುಲಭದ ಮದ್ದಿಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ನಮ್ಮವರು ಕಬ್ಬಿನ ಗದ್ದೆಗಳಿಗೆ ಕಾಲುವೆ ನೀರು ಬಿಟ್ಟರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ನಿಧಾನವಾದವು, ಕೆಲವು ಹೂತವು, ಎತ್ತರದ ಕಬ್ಬಿನ ಮರೆಯಲ್ಲಿ ಕಾದಿದ್ದ ನಮ್ಮ ತೋಪುಗಳಿಗೆ ಸಿಕ್ಕವು. ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಹೊಡೆದು, ಅಲ್ಲೇ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಕಾಳಗ ಅದು. 2022ರಲ್ಲಿ ಕೀವ್‌ನ ಉತ್ತರಕ್ಕೆ ಇರ್ಪಿನ್ ನದಿಯ ಅಣೆಕಟ್ಟು ಒಡೆದು ನೀರು ಬಿಟ್ಟಾಗಲೂ ಹಾಗೇ ಆಯಿತು. ಸೇತುವೆಗಳು ಬಿದ್ದಿದ್ದವು, ಬಯಲು ಜೌಗಾಯಿತು. ರಷ್ಯಾದ ವಾಹನಗಳು ರಸ್ತೆ ಬಿಟ್ಟು ಇಳಿಯಲಾರದೆ ಮೈಲಿಗಟ್ಟಲೆ ಸಾಲಾಗಿ ನಿಂತವು. ರಾಜಧಾನಿ ಉಳಿಯಿತು.

ಆದರೆ ಡೆಮಿದಿವ್ ಅನ್ನುವ ಊರಿನ ಮನೆಗಳಿಗೂ ನೀರು ನುಗ್ಗಿತು. ಶತ್ರು ಹೋದ ಮೇಲೂ ತಿಂಗಳುಗಟ್ಟಲೆ ಜನ ನೆಲಮಾಳಿಗೆಯಿಂದ ನೀರು ಪಂಪ್ ಮಾಡುತ್ತಿದ್ದರು. ಅಲ್ಲಿನವರು ಅದನ್ನು ದೇಶಕ್ಕಾಗಿ ಸಹಿಸಿದರು, ಸರಿ. ಆದರೂ ಇದನ್ನು ಬರೆಯುವಾಗ ಲೆಕ್ಕದ ಈ ಬದಿಯನ್ನು ಬಿಡಬಾರದು. ದಾರಿ ತಡೆಯುವ ಯಾವ ಉಪಾಯವೂ ಶತ್ರುವಿಗೆ ಮಾತ್ರ ಅಂತ ಇರೋದಿಲ್ಲ. ಬೀಳಿಸಿದ ಸೇತುವೆ ಓಡಿಹೋಗುವ ಹೆಂಗಸರು ಮಕ್ಕಳಿಗೂ ಇಲ್ಲ, ಆಂಬುಲೆನ್ಸಿಗೂ ಇಲ್ಲ.

ಡ್ರೋನ್ ಬಂದ ಮೇಲೆ ಬದಲಾಗಿದ್ದು ಏನು? ಮೊದಲು ರಸ್ತೆಯಲ್ಲಿ ಬರುವವನನ್ನು ತಡೆಯಬೇಕಿತ್ತು. ಈಗ ರಸ್ತೆಯಲ್ಲಿ ಹೋಗುವ ನಮ್ಮವರನ್ನೇ ಮೇಲಿನಿಂದ ಬರುವುದರಿಂದ ಕಾಯಬೇಕು. ಮುಂಚೂಣಿಯಿಂದ ಹತ್ತಿಪ್ಪತ್ತು ಕಿಲೋಮೀಟರ್ ಹಿಂದೆ ಊಟ, ಮದ್ದುಗುಂಡು, ಗಾಯಾಳುಗಳನ್ನು ಸಾಗಿಸುವ ದಾರಿಯೇ ಗುರಿ. ಬಲೆ ಅದಕ್ಕೆ ಉತ್ತರ, ಪೂರ್ತಿ ಉತ್ತರ ಅಲ್ಲ. ಗಾಳಿಗೆ ಹರಿಯುತ್ತದೆ, ಹಿಮದ ಭಾರಕ್ಕೆ ಜೋಲುತ್ತದೆ. ಒಂದು ಡ್ರೋನ್ ತೂತು ಮಾಡಿದರೆ ಎರಡನೆಯದು ಅದರಲ್ಲೇ ನುಸುಳುತ್ತದೆ. ಹಾಗಾಗಿ ದಿನಾ ರಿಪೇರಿ ಮಾಡುವ ತಂಡ ಬೇಕು. ಇದನ್ನು ರಷ್ಯಾದವರೂ ತಮ್ಮ ಕಡೆಯ ರಸ್ತೆಗಳಲ್ಲಿ ಮಾಡಿಕೊಂಡಿದ್ದಾರೆ ಅನ್ನೋದು ಗಮನಿಸಬೇಕಾದ ಮಾತು. ಯಾರಿಗೂ ಇದಕ್ಕಿಂತ ಅಗ್ಗದ ದಾರಿ ಇನ್ನೂ ಸಿಕ್ಕಿಲ್ಲ.

ಹಾಗಾದರೆ ಕೊಡಗಿನಲ್ಲಿ ಕೂತ ನಮಗೆ ಇದರಲ್ಲಿ ಏನು? ಸಂಪಾಜೆ ಘಾಟಿ ಹತ್ತಿ ಯಾವ ದೇಶದ ಟ್ಯಾಂಕೂ ಬರೋದಿಲ್ಲ. ಆ ಕಲ್ಪನೆಯಲ್ಲಿ ವಾಟ್ಸಾಪ್ ಗುಂಪಿನವರು ಖುಷಿ ಪಡಲಿ, ಬೇಡ ಅನ್ನೋದಿಲ್ಲ. ಆದರೆ ನಮ್ಮ ದಾರಿಗಳನ್ನು ತಡೆಯೋಕೆ ಶತ್ರು ಬೇಕಿಲ್ಲ, ಮಳೆ ಸಾಕು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮಡಿಕೇರಿ ಮತ್ತು ಮಂಗಳೂರಿನ ನಡುವಿನ ಹೆದ್ದಾರಿಯೇ ಇಲ್ಲವಾಯಿತು. ಅದೇ ವರ್ಷ ಕೇರಳಕ್ಕೆ ಹೋಗುವ ಮಾಕುಟ್ಟದ ದಾರಿಯೂ ಕುಸಿದು ಮುಚ್ಚಿತ್ತು. ಊರುಗಳು ದ್ವೀಪವಾದವು, ಸೇನೆ, ಎನ್‌ಡಿಆರ್‌ಎಫ್ ಬಂದು ಜನರನ್ನು ಹೊರತಂದವು.

ದಾರಿ ತಡೆಯುವ ಎಂಜಿನಿಯರ್ ಮೊದಲು ಮಾಡುವ ಕೆಲಸ ಒಂದು ಪಟ್ಟಿ. ಯಾವ ಸೇತುವೆ ಎಷ್ಟು ಭಾರ ತಡೆಯುತ್ತದೆ, ಯಾವ ಮೋರಿ ಹೋದರೆ ಯಾವ ಊರು ಕಡಿದುಹೋಗುತ್ತದೆ, ಯಾವ ತಿರುವಿನಲ್ಲಿ ಪಕ್ಕಕ್ಕೆ ಇಳಿಯೋಕೆ ಜಾಗ ಇಲ್ಲ, ಸುತ್ತುದಾರಿ ಎಲ್ಲಿದೆ. ದಾರಿ ತೆರೆದಿಡಬೇಕಾದವನಿಗೆ ಬೇಕಿರೋದೂ ಅದೇ ಪಟ್ಟಿ, ಉಪಯೋಗ ಮಾತ್ರ ತಿರುಗಾಮುರುಗಾ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇಂಥ ಒಂದು ಹಾಳೆ, ಜೊತೆಗೆ ಹತ್ತಿರದ ಜೆಸಿಬಿ, ಮರ ಕೊಯ್ಯುವ ಗರಗಸ ಯಾರ ಬಳಿ ಇದೆ ಅನ್ನೋ ಮಾಹಿತಿ ಇದ್ದರೆ ಜೂನ್‌ನಲ್ಲಿ ಅರ್ಧ ಗಾಬರಿ ಕಮ್ಮಿ. ಮಾಡೋಕೆ ಜನ ಇಲ್ಲ ಅನ್ನೋ ಹಾಗಿಲ್ಲ. ಸ್ಯಾಪರ್ಸ್‌ನಲ್ಲಿ, ಸಿಗ್ನಲ್ಸ್‌ನಲ್ಲಿ, ಸರಬರಾಜು ದಳದಲ್ಲಿ ಈ ಕೆಲಸವನ್ನೇ ಮಾಡಿ ನಿವೃತ್ತಿಯಾದ ಎಷ್ಟೋ ಮಂದಿ ಇಲ್ಲೇ ಕಾಫಿ, ಮೆಣಸು ನೋಡಿಕೊಂಡಿದ್ದಾರೆ. ಅವರನ್ನು ಸ್ವಾತಂತ್ರ್ಯ ದಿನಕ್ಕೆ ಕರೆದು ಶಾಲು ಹೊದಿಸುತ್ತೇವೆ, ಈ ಪಟ್ಟಿ ಮಾಡೋಕೆ ಕರೆಯೋದಿಲ್ಲ.

ರಷ್ಯಾದ ಭಯದಲ್ಲಿರುವ ಯುರೋಪಿನ ಗಡಿಯಲ್ಲಿ ಈಗ ನಡೆಯುತ್ತಿರುವ ಚರ್ಚೆಯೂ ಇಲ್ಲಿಗೇ ಬಂದು ನಿಂತಿದೆ: ದಾರಿಯನ್ನು ಈಗಲೇ ಮುಚ್ಚಬೇಕಾ, ಮುಚ್ಚಲು ತಯಾರಾಗಿದ್ದರೆ ಸಾಕಾ? ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಸೇರಿ 2024ರ ಜನವರಿಯಲ್ಲಿ ಒಂದು ರಕ್ಷಣಾ ಸಾಲು ಕಟ್ಟುವ ಒಪ್ಪಂದ ಮಾಡಿಕೊಂಡವು. ಪೋಲೆಂಡ್ ಅದೇ ವರ್ಷ 1,000 ಕೋಟಿ ಜ್ಲೋಟಿಯ ಯೋಜನೆ ಘೋಷಿಸಿತು. ಹಿಂದೆ ಒಣಗಿಸಿದ್ದ ಜೌಗು ಭೂಮಿಗೆ ಮತ್ತೆ ನೀರು ತುಂಬಿಸುವ ಮಾತೂ ಅಲ್ಲಿ ನಡೆದಿದೆ. ಪರಿಸರದವರಿಗೂ ಸೇನೆಗೂ ಒಂದೇ ಕೆಲಸದಲ್ಲಿ ಲಾಭ ಸಿಗೋದು ಅಪರೂಪ, ಅಲ್ವಾ? ಇದೇ ದೇಶಗಳು, ಫಿನ್ಲೆಂಡ್ ಕೂಡ ಸೇರಿ, 2025ರಲ್ಲಿ ಮನುಷ್ಯರನ್ನು ಗುರಿಯಾಗಿಸುವ ನೆಲಬಾಂಬುಗಳನ್ನು ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದದಿಂದ ಹೊರಬರುವ ತೀರ್ಮಾನ ಮಾಡಿದವು. ಅವರ ಭಯ ಅರ್ಥ ಆಗುತ್ತದೆ. ಆದರೂ ನನಗೆ ಒಪ್ಪಿಗೆಯಾಗೋದು ಲಿಥುವೇನಿಯಾದ ಇನ್ನೊಂದು ಕ್ರಮ. ಅಲ್ಲಿ ಕಾಂಕ್ರೀಟಿನ ಹಲ್ಲು, ಕಬ್ಬಿಣದ ಮುಳ್ಳುಗಳನ್ನು ಗಡಿಗೆ ಹತ್ತಿರದ ಅಂಗಳಗಳಲ್ಲಿ ಪೇರಿಸಿ ಇಟ್ಟಿದ್ದಾರೆ. ಬೇಕಾದ ದಿನ ಲಾರಿಯಲ್ಲಿ ತಂದು ಇಳಿಸಬಹುದು, ಬೇಡವಾದ ದಿನ ಕ್ರೇನಿನಲ್ಲಿ ಎತ್ತಬಹುದು. ಮಣ್ಣಿನಡಿ ಹೂತ ಬಾಂಬನ್ನು ಹಾಗೆ ಎಣಿಸಿ ವಾಪಸ್ ತೆಗೆಯೋಕೆ ಆಗೋದಿಲ್ಲ.